ಹೊತ್ತು ಮುಳುಗುವ ಮುನ್ನದ ತುತ್ತು

ಕೊಕ್ಕಡ ಪೇಟೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ ನಮಸ್ಕರಿಸಿದ. ಶಾಲೆಯಲ್ಲಿದ್ದಾಗ ದುಂಡುದುಂಡಗೆ ಇದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಉದ್ಯೋಗಿ. ಗುರುತು ಹಿಡಿಯಲು ನನಗೆ ಕೊಂಚ ಹೊತ್ತು ಬೇಕಾಯಿತು. ಅಷ್ಟು ಇಳಿದುಹೋಗಿದ್ದ. ಆರೋಗ್ಯ ಸರಿಯಿಲ್ಲವೇ ಎಂದು ಗಾಬರಿಯಿಂದ ಕೇಳಿದೆ. ಅವನು ನಕ್ಕು, “ಹಾಗೇನಿಲ್ಲ ಮಾಷ್ಟ್ರೇ, ಸಂಜೆ ಆರೂವರೆಯ ಮೇಲೆ ಏನೂ ತಿನ್ನುವುದಿಲ್ಲ. ಎಂಟು ತಿಂಗಳಲ್ಲಿ ಒಂಬತ್ತು ಕಿಲೋ ಕಡಿಮೆಯಾಗಿದೆ. ನಿಮ್ಮ ಜೈನರಲ್ಲಿ ಇದು ಮೊದಲಿನಿಂದಲೂ ಇದೆಯಲ್ಲ? ನೀವೂ ಹಾಗೆಯೇ ಅಲ್ಲವೇ?” ಎಂದ.

ನಾನು “ಹೌದು” ಎಂದೆ. ಅಷ್ಟರಲ್ಲಿ ಬಸ್ಸು ಬಂತು.

ಆ ರಾತ್ರಿ ಒಂಬತ್ತು ಗಂಟೆಗೆ ಎಂದಿನಂತೆ ಊಟಕ್ಕೆ ಕುಳಿತಾಗ ಅವನ ಮಾತು ನೆನಪಾಯಿತು. ಜೈನರಲ್ಲಿ ಈ ಆಚರಣೆ ಇದೆಯೇ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನಿಜವೇ ಆಗಿತ್ತು. ನೀವೂ ಹಾಗೆಯೇ ಅಲ್ಲವೇ ಎಂಬ ಪ್ರಶ್ನೆಗೆ ಅದೇ ಉತ್ತರ ಸುಳ್ಳಾಗಿತ್ತು. ವೃತ್ತಿಯಲ್ಲಿದ್ದಾಗ ಶಾಲೆಯ ಕೆಲಸ, ಸಭೆ, ಬಸ್ಸಿನ ಸಮಯ ಎಂಬ ನೆಪಗಳಿಂದ ತಪ್ಪಿಹೋದ ಮನೆತನದ ನಿಯಮವನ್ನು ನಿವೃತ್ತಿಯ ಬಳಿಕವೂ ನಾನು ಹಿಡಿದಿರಲಿಲ್ಲ. ನೆಪಗಳು ಹೋದರೂ ಅಭ್ಯಾಸ ಉಳಿಯಿತು. ಅದರೊಡನೆ ಹೊಟ್ಟೆಯ ಸುತ್ತಳತೆಯೂ ಬೆಳೆಯಿತು. ತೂಕ ಇಳಿಸಿಕೊಳ್ಳಿ ಎಂದು ವೈದ್ಯರು ಎರಡು ಬಾರಿ ಎಚ್ಚರಿಸಿಯಾಗಿತ್ತು.

ಆ ರಾತ್ರಿ ನನ್ನಲ್ಲಿ ಎರಡು ಪ್ರಶ್ನೆಗಳು ಹುಟ್ಟಿದವು. ಸೂರ್ಯಾಸ್ತಕ್ಕೆ ಮುನ್ನ ಉಂಡರೆ ನಿಜವಾಗಿಯೂ ತೂಕ ಇಳಿಯುವುದೇ? ತೂಕ ಇಳಿಸುವುದಕ್ಕಾಗಿಯೇ ರಾತ್ರಿಯ ಊಟ ಬಿಟ್ಟರೆ ಅದು ವ್ರತವಾಗುವುದೇ? ಈ ವಾರದ ಚಿಂತನೆ ಈ ಎರಡರ ಕುರಿತು.

ಶಾಸ್ತ್ರದ ದೃಷ್ಟಿ

ರಾತ್ರಿಭೋಜನ ತ್ಯಾಗವನ್ನು ನಮ್ಮ ಆಚಾರ್ಯರು ಆರೋಗ್ಯದ ಸೂತ್ರವಾಗಿ ಹೇಳಿದವರಲ್ಲ. ಅವರಿಗೆ ಅದು ಅಹಿಂಸೆಯ ಅಂಗ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳಿದೆ. ಅವುಗಳಲ್ಲಿ ಕೊನೆಯದು ಆಲೋಕಿತಪಾನಭೋಜನ, ಅಂದರೆ ಬೆಳಕಿನಲ್ಲಿ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು. ನಮ್ಮ ಕನ್ನಡ ನಾಡಿನಲ್ಲಿಯೇ ಬಾಳಿದ ಪೂಜ್ಯಪಾದರು ಆ ಗ್ರಂಥಕ್ಕೆ ಬರೆದ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಒಂದು ಪ್ರಶ್ನೆಯನ್ನು ಎತ್ತುತ್ತಾರೆ: ರಾತ್ರಿಭೋಜನ ತ್ಯಾಗವೆಂಬ ಆರನೆಯ ಅಣುವ್ರತವಿದೆಯಲ್ಲ, ಅದನ್ನು ಇಲ್ಲಿ ಏಕೆ ಎಣಿಸಲಿಲ್ಲ? ಅದು ಈ ಭಾವನೆಯಲ್ಲಿಯೇ ಅಡಗಿದೆ ಎಂಬುದು ಅವರು ಕೊಡುವ ಸಮಾಧಾನ. ಬೇರೆ ವ್ರತವಾಗಿ ಎಣಿಸಲಿ, ಎಣಿಸದಿರಲಿ, ಅಹಿಂಸೆಯನ್ನು ಒಪ್ಪಿದವನು ಇದನ್ನು ಬಿಡುವಂತಿಲ್ಲ ಎಂಬುದು ಇದರ ತಾತ್ಪರ್ಯ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನು ಏರಬೇಕಾದ 11 ಪ್ರತಿಮೆಗಳನ್ನು, ಅಂದರೆ ಮೆಟ್ಟಿಲುಗಳನ್ನು, ಹೇಳಿದ್ದಾರೆ. ಅವುಗಳಲ್ಲಿ ಆರನೆಯದು ರಾತ್ರಿಭುಕ್ತಿವಿರತ. ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕು ಬಗೆಯ ಆಹಾರವನ್ನೂ ರಾತ್ರಿ ಬಿಡುವವನು ಈ ಮೆಟ್ಟಿಲನ್ನು ಏರಿದವನು. ಜೀವಿಗಳ ಮೇಲಿನ ಅನುಕಂಪೆಯೇ ಅದಕ್ಕೆ ಪ್ರೇರಣೆ. ಮುನಿಗಳಿಗಂತೂ ಹಗಲಿನಲ್ಲಿ ಒಂದೇ ಬಾರಿ, ನಿಂತುಕೊಂಡು, ಕೈಯನ್ನೇ ಪಾತ್ರೆಯಾಗಿಸಿ ಸ್ವೀಕರಿಸುವ ಆಹಾರ. ಏಕಭುಕ್ತವೂ ಸ್ಥಿತಿಭೋಜನವೂ ಅವರ 28 ಮೂಲಗುಣಗಳಲ್ಲಿ ಸೇರಿವೆ.

ನಮ್ಮ ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಈ ಅನುಕಂಪೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆ ಬಿದ್ದ ಸಂಜೆ ದೀಪ ಹಚ್ಚಿದರೆ ಸಾಕು, ರೆಕ್ಕೆಯ ಹುಳುಗಳು ಅಂಗಳದಿಂದ ಒಳಗೆ ನುಗ್ಗುತ್ತವೆ. ಗಂಜಿಯ ಬಟ್ಟಲಿಗೂ ಬೀಳುತ್ತವೆ. ಚಾತುರ್ಮಾಸದಲ್ಲಿ ಮುನಿಗಳು ಒಂದೆಡೆ ನೆಲೆ ನಿಲ್ಲುವುದರ ಹಿಂದೆಯೂ, ಆ ನಾಲ್ಕು ತಿಂಗಳು ಎಷ್ಟೋ ಶ್ರಾವಕರು ನಿಯಮವನ್ನು ಬಿಗಿಗೊಳಿಸುವುದರ ಹಿಂದೆಯೂ ಇರುವುದು ಇದೇ ಕಾರಣ.

ಈಗ ವಿದ್ಯುದ್ದೀಪವಿದೆ, ಕಿಟಕಿಗೆ ಜಾಲರಿಯಿದೆ. ಹುಳು ಬೀಳದಿದ್ದರೆ ರಾತ್ರಿ ಉಂಡರೇನು ಎಂದು ಯುವಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸುಮಾರು ಸಾವಿರ ವರ್ಷಗಳ ಹಿಂದೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಹರಿತವಾದ ಪ್ರಶ್ನೆಯೊಂದನ್ನು ಎದುರಿಸಿದ್ದಾರೆ. ಒಂದು ಹೊತ್ತಿನ ಊಟ ಬಿಡುವುದಾದರೆ ಹಗಲಿನದನ್ನು ಬಿಟ್ಟು ರಾತ್ರಿಯೇ ಏಕೆ ಉಣ್ಣಬಾರದು ಎಂಬುದು ಆ ಆಕ್ಷೇಪ. ಆಚಾರ್ಯರು ಕೊಡುವ ಉತ್ತರದಲ್ಲಿ ಎರಡು ಅಂಶಗಳಿವೆ. ದೀಪ ಹಚ್ಚಿದರೂ ಆಹಾರದಲ್ಲಿ ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾಗದು ಎಂಬುದು ಒಂದು. ಹಗಲಿನ ಊಟಕ್ಕಿಂತ ರಾತ್ರಿಯ ಊಟದಲ್ಲಿ ರಾಗ ಹೆಚ್ಚು ಎಂಬುದು ಇನ್ನೊಂದು. ರಾಗವೆಂದರೆ ಆಸೆ, ಅಂಟು. ದೀಪ ಎಷ್ಟೇ ಪ್ರಕಾಶಮಾನವಾಗಿದ್ದರೂ ಈ ಎರಡನೆಯ ಅಂಶ ಹಾಗೆಯೇ ಉಳಿಯುತ್ತದೆ.

ರಾತ್ರಿ ಒಂಬತ್ತರ ಮೇಲೆ ಡಬ್ಬದ ಮುಚ್ಚಳ ತೆಗೆದು ಚಕ್ಕುಲಿಯನ್ನೋ ಬಾಳೆಕಾಯಿ ಚಿಪ್ಸನ್ನೋ ಹುಡುಕುವ ಕೈಗೆ ಹಸಿವೆಯೇ ಕಾರಣವಾಗಿರುವುದು ಅಪರೂಪ. ಅಲ್ಲಿ ಕೆಲಸ ಮಾಡುವುದು ಆಚಾರ್ಯರು ಹೇಳಿದ ರಾಗವೇ.

ವಿಜ್ಞಾನ ಕಂಡದ್ದು

ಈ ರಾಗಕ್ಕೆ ಶರೀರದಲ್ಲಿಯೇ ಒಂದು ಗಡಿಯಾರವಿದೆ ಎಂದು ಈಗಿನ ವಿಜ್ಞಾನ ಹೇಳುತ್ತದೆ. ಜೀವಕೋಶಗಳೊಳಗೆ ದಿನದ ಲಯವನ್ನು ನಡೆಸುವ ವ್ಯವಸ್ಥೆಯನ್ನು ಬಿಡಿಸಿ ತೋರಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ, ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ, 2017ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಮಂದಿಯನ್ನು ಮಂದ ಬೆಳಕಿನ ಪ್ರಯೋಗಶಾಲೆಯಲ್ಲಿ ಇರಿಸಿ, ನಿದ್ದೆ ಮತ್ತು ಊಟದ ಪ್ರಭಾವವನ್ನು ಬೇರ್ಪಡಿಸಿ ನೋಡಿದಾಗ, ಹಸಿವೆಯ ಭಾವ ಬೆಳಗ್ಗೆ ಸುಮಾರು 8 ಗಂಟೆಗೆ ಅತಿ ಕಡಿಮೆಯಾಗಿಯೂ ರಾತ್ರಿ ಸುಮಾರು 8 ಗಂಟೆಗೆ ಅತಿ ಹೆಚ್ಚಾಗಿಯೂ ಇದ್ದದ್ದು ಕಂಡಿತು. ಸಿಹಿ, ಉಪ್ಪು, ಪಿಷ್ಟದ ತಿನಿಸು ಬೇಕೆನಿಸುವುದೂ ಆಗಲೇ. ಅಮೃತಚಂದ್ರರಿಗೆ ಪ್ರಯೋಗಶಾಲೆ ಇರಲಿಲ್ಲ. ಅವರು ಮನಸ್ಸನ್ನು ನೋಡಿ ಹೇಳಿದ್ದರು.

ಬಾಸ್ಟನ್ ನಗರದ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಗಮನಿಸಬೇಕು. ಅಧಿಕ ತೂಕದ 16 ಮಂದಿಗೆ ಒಂದೇ ಬಗೆಯ, ಒಂದೇ ಪ್ರಮಾಣದ ಆಹಾರವನ್ನು ಒಮ್ಮೆ ಬೇಗನೆ, ಇನ್ನೊಮ್ಮೆ ಸುಮಾರು 4 ಗಂಟೆ ತಡವಾಗಿ ಕೊಟ್ಟರು. ತಡವಾಗಿ ಉಂಡಾಗ ಹಸಿವೆ ಹೆಚ್ಚಾಯಿತು; ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಎಚ್ಚರದ ಹೊತ್ತಿನಲ್ಲಿ ಕಡಿಮೆಯಾಯಿತು; ಶರೀರ ವ್ಯಯಿಸುವ ಶಕ್ತಿಯೂ ಕೊಂಚ ತಗ್ಗಿತು. ಆಹಾರ ಅದೇ, ಆದರೆ ಅದನ್ನು ಸ್ವೀಕರಿಸಿದ ಶರೀರದ ಸ್ಥಿತಿ ಬೇರೆ. ಕತ್ತಲಾದಂತೆ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನು ಏರುತ್ತದೆ, ಅದರೊಡನೆ ಇನ್ಸುಲಿನ್ ಒಸರುವುದು ತಗ್ಗುತ್ತದೆ. ಆದ್ದರಿಂದ ಮಧ್ಯಾಹ್ನ ಉಂಡ ಅನ್ನಕ್ಕಿಂತ ತಡರಾತ್ರಿ ಉಂಡ ಅಷ್ಟೇ ಅನ್ನ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ.

ಇಸ್ರೇಲಿನಲ್ಲಿ ಅಧಿಕ ತೂಕದ 93 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ದಿನಕ್ಕೆ 1,400 ಕ್ಯಾಲೊರಿ. ಒಂದು ಗುಂಪಿಗೆ ಬೆಳಗ್ಗೆ 700, ಮಧ್ಯಾಹ್ನ 500, ರಾತ್ರಿ 200. ಇನ್ನೊಂದಕ್ಕೆ ಬೆಳಗ್ಗೆ 200, ರಾತ್ರಿ 700. ಹನ್ನೆರಡು ವಾರಗಳ ಬಳಿಕ ಬೆಳಗಿನ ಊಟ ದೊಡ್ಡದಾಗಿದ್ದ ಗುಂಪಿನವರು ಸರಾಸರಿ 8.7 ಕಿಲೋ ಇಳಿದಿದ್ದರು. ರಾತ್ರಿಯ ಊಟ ದೊಡ್ಡದಾಗಿದ್ದವರು 3.6 ಕಿಲೋ ಮಾತ್ರ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಅದು ಸತ್ಯಾಣುವ್ರತಕ್ಕೆ ಸಲ್ಲದು. ಎದುರು ಪಕ್ಕದ ಫಲಿತಾಂಶಗಳೂ ಇವೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಬೊಜ್ಜಿನ 139 ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಕ್ಯಾಲೊರಿ ಕಡಿತ ಒಂದೇ. ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಣ್ಣಬೇಕಿತ್ತು. ಅವರು ಸರಾಸರಿ 8 ಕಿಲೋ, ಸಮಯದ ಕಟ್ಟಿಲ್ಲದವರು 6.3 ಕಿಲೋ ಇಳಿದರು. ಈ ಅಂತರವನ್ನು ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವೆಂದು ಹೇಳುವಂತಿರಲಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅದೇ ವರ್ಷ 30 ಮಂದಿಯ ಅಧ್ಯಯನದಲ್ಲಿ ಹೆಚ್ಚಿನ ಆಹಾರವನ್ನು ಬೆಳಗ್ಗೆ ತಿಂದರೂ ಸಂಜೆ ತಿಂದರೂ ತೂಕದ ಇಳಿಕೆ ಒಂದೇ ಆಗಿತ್ತು. ಆದರೆ ಬೆಳಗ್ಗೆ ಹೆಚ್ಚು ತಿಂದವರಿಗೆ ದಿನವಿಡೀ ಹಸಿವೆ ಕಡಿಮೆ ಇತ್ತು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ತೀರ್ಮಾನಕ್ಕೆ ಬರಬಹುದು. ಹೊತ್ತಿಗೆ ಮುನ್ನ ಉಣ್ಣುವುದು ಮಂತ್ರವಲ್ಲ. ಎಷ್ಟು ಉಂಡೆವೆಂಬ ಲೆಕ್ಕವನ್ನು ಅದು ಅಳಿಸಿಹಾಕದು. ಆದರೆ ಕಡಿಮೆ ಉಣ್ಣುವುದನ್ನು ಅದು ಸುಲಭಗೊಳಿಸುತ್ತದೆ.

ಹೇಗೆಂಬುದಕ್ಕೆ ಮೇಷ್ಟರ ಲೆಕ್ಕವೊಂದನ್ನು ಕೊಡುತ್ತೇನೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಯ ಶಕ್ತಿ ಅಡಗಿದೆ ಎಂದು ಲೆಕ್ಕ ಹಾಕುತ್ತಾರೆ. ರಾತ್ರಿಯ ಕುರುಕಲಿನಿಂದ ಬರುವ 200 ಕ್ಯಾಲೊರಿ ದಿನವೂ ತಪ್ಪಿದರೆ ತಿಂಗಳಿಗೆ 6,000 ಆಯಿತು. ಮುಕ್ಕಾಲು ಕಿಲೋಗೆ ಹತ್ತಿರ. ಶರೀರ ಹೊಸ ಕ್ರಮಕ್ಕೆ ಒಗ್ಗಿಕೊಂಡಂತೆ ಈ ವೇಗ ತಗ್ಗುತ್ತದೆ, ನಿಜ. ಆದರೂ ಬಾಗಿಲು ಮುಚ್ಚಿದ ಅಡುಗೆಮನೆಯಿಂದ ಆಗುವ ಉಪಕಾರ ಸಣ್ಣದಲ್ಲ. ರಾತ್ರಿ 10ಕ್ಕೆ ಉಂಡು ಬೆಳಗ್ಗೆ ಏಳೂವರೆಗೆ ತಿಂಡಿ ತಿನ್ನುವವನ ಹೊಟ್ಟೆಗೆ ಸಿಗುವ ವಿರಾಮ ಒಂಬತ್ತೂವರೆ ಗಂಟೆ. ಸಂಜೆ 6ಕ್ಕೆ ಮುಗಿಸುವವನಿಗೆ ಸಿಗುವುದು ಹದಿಮೂರೂವರೆ ಗಂಟೆ. ಉಂಡೊಡನೆ ಮಲಗುವವರನ್ನು ಕಾಡುವ ಎದೆಯುರಿ, ಹುಳಿತೇಗು ಕೂಡ ಬಹುಮಟ್ಟಿಗೆ ದೂರವಾಗುತ್ತವೆ.

ಬೇಗ ಉಂಡರೆ ಸಾಲದು, ಹಿಡಿದು ಉಣ್ಣಬೇಕು

ನಿಯಮ ಹಿಡಿದೂ ತೂಕ ಇಳಿಯದವರನ್ನು ನಾನು ಕಂಡಿದ್ದೇನೆ. ಮೊದಲ ಒಂದೂವರೆ ತಿಂಗಳು ನಾನೂ ಆ ಸಾಲಿನಲ್ಲಿದ್ದೆ. ನಾಲ್ಕೂವರೆಗೆ ಚಹಾದೊಡನೆ ಗೋಳಿಬಜೆ ಇಲ್ಲವೇ ಬನ್ಸ್; ಆರು ಗಂಟೆಗೆ, ಇನ್ನು ನಾಳೆಯವರೆಗೆ ಏನೂ ಇಲ್ಲವಲ್ಲ ಎಂಬ ಭಯದಿಂದ ಎರಡು ಪಾಲು ಅನ್ನ. ಹೊತ್ತು ಮುಳುಗುವ ಮುನ್ನ ಒಂದು ಊಟದ ಬದಲು ಎರಡು ಊಟ ಆಗುತ್ತಿತ್ತು. ತಕ್ಕಡಿಯ ಮುಳ್ಳು ಅಲುಗಲೇ ಇಲ್ಲ.

ನಮ್ಮ ಶಾಸ್ತ್ರ ಇದನ್ನು ಮೊದಲೇ ಕಂಡಿದೆ. ಆರು ಬಾಹ್ಯ ತಪಗಳಲ್ಲಿ ಮೊದಲನೆಯದು ಅನಶನ, ಅಂದರೆ ಉಪವಾಸ. ಎರಡನೆಯದು ಅವಮೌದರ್ಯ, ಹೊಟ್ಟೆಗೆ ಕಡಿಮೆ ಉಣ್ಣುವುದು. ಪುರುಷನ ಪೂರ್ಣ ಆಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಎಣಿಸಿ, ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅದು ತಪವೇ ಎಂದು ಪರಂಪರೆ ಹೇಳುತ್ತದೆ. ನಾಲ್ಕನೆಯದು ರಸಪರಿತ್ಯಾಗ: ತುಪ್ಪ, ಎಣ್ಣೆ, ಸಿಹಿ ಮುಂತಾದವುಗಳಲ್ಲಿ ಒಂದನ್ನಾದರೂ ಬಿಡುವುದು. ರಾತ್ರಿಭೋಜನ ತ್ಯಾಗದೊಡನೆ ಈ ಎರಡೂ ಸೇರಿದಾಗ ಮಾತ್ರ ಅದು ಪೂರ್ಣ. ಇವುಗಳಿಲ್ಲದೆ ಸಮಯವನ್ನಷ್ಟೇ ಹಿಡಿದರೆ ಗಡಿಯಾರವನ್ನು ಪೂಜಿಸಿದಂತೆ.

ಆ ಬಳಿಕ ನಾವು ಮನೆಯ ಕ್ರಮವನ್ನು ಬದಲಿಸಿದೆವು. ಸಂಜೆಯ ಕರಿದ ತಿಂಡಿ ನಿಂತಿತು. ಆರರ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ತೊಂಡೆಕಾಯಿಯೋ ಬಸಳೆಯೋ ಒಂದು ತರಕಾರಿ, ಮಜ್ಜಿಗೆ. ಹಸಿವೆ ಇನ್ನೂ ಸ್ವಲ್ಪ ಉಳಿದಿರುವಾಗಲೇ ಏಳುವುದು. ಬೆಳಗಿನ ತಿಂಡಿಯನ್ನು ಕೊಂಚ ಹಿಗ್ಗಿಸಿದೆವು. ಊಟದ ಬಳಿಕ ತೋಟದ ದಾರಿಯಲ್ಲಿ ಅರ್ಧ ಗಂಟೆ ನಡಿಗೆ. ಮೊದಲ ಎರಡು ವಾರ ರಾತ್ರಿ ಒಂಬತ್ತಕ್ಕೆ ಹೊಟ್ಟೆ ಕೂಗುತ್ತಿತ್ತು. ಆಮೇಲೆ ಕೂಗು ತಣ್ಣಗಾಯಿತು. ಏಳು ತಿಂಗಳಲ್ಲಿ ಐದು ಕಿಲೋ ಇಳಿಯಿತು. ಅಬ್ಬರದ ಸಂಖ್ಯೆಯಲ್ಲ, ಆದರೆ ಮೊಣಕಾಲಿಗೆ ಅದರ ಬೆಲೆ ಗೊತ್ತು.

ಒಂದು ರಾತ್ರಿಯ ಪಾಠ

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅದಕ್ಕಾಗಿ ನನ್ನ ಅಮ್ಮನ ವಿಷಯ ಹೇಳುತ್ತೇನೆ.

ಅಮ್ಮ ಮದುವೆಯಾಗಿ ಬಂದ ದಿನಗಳಿಂದಲೂ ರಾತ್ರಿ ಏನನ್ನೂ ಮುಟ್ಟಿದವರಲ್ಲ, ನೀರನ್ನು ಕೂಡ. ಎಪ್ಪತ್ತರ ಬಳಿಕ ಸಕ್ಕರೆ ಕಾಯಿಲೆ ಬಂತು, ಇನ್ಸುಲಿನ್ ಶುರುವಾಯಿತು. ಆಟಿ ತಿಂಗಳ ಒಂದು ರಾತ್ರಿ, ಧಾರಾಕಾರ ಮಳೆ, ವಿದ್ಯುತ್ತಿಲ್ಲ. ನಡುರಾತ್ರಿಯ ಬಳಿಕ ಅಮ್ಮನ ಕೋಣೆಯಿಂದ ಸದ್ದು ಕೇಳಿ ಹೋದರೆ, ಮೈಯೆಲ್ಲ ಬೆವೆತು ನಡುಗುತ್ತಿದ್ದರು, ಮಾತು ತೊದಲುತ್ತಿತ್ತು. ಸಕ್ಕರೆ ಕೆಳಗಿಳಿದಿದೆ ಎಂದು ತಿಳಿಯಿತು. ನನ್ನ ಪತ್ನಿ ಬೆಲ್ಲದ ನೀರು ತಂದಳು. ಅಮ್ಮನಿಗೆ ಪ್ರಜ್ಞೆಯಿತ್ತು, ಆದರೆ ತುಟಿ ಬಿಗಿಹಿಡಿದರು. “ಬೆಳಗಾಗಲಿ ಮಗಾ” ಎಂದರು. ಬೆಳಗಾಗಲು ನಾಲ್ಕು ಗಂಟೆ ಇತ್ತು.

ಬೇಡಿಕೊಂಡೆ, ಗದರಿದೆ. ಕೊನೆಗೆ ಪತ್ನಿ, “ಅತ್ತೆ, ಇದು ಊಟವಲ್ಲ, ಮದ್ದು. ನಿಮ್ಮ ವ್ರತಕ್ಕೆ ಕುಂದು ಬಂದರೆ ಅದು ನಮಗಿರಲಿ” ಎಂದಳು. ಅಮ್ಮ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ ಲೋಟಕ್ಕೆ ಬಾಯಿ ಕೊಟ್ಟರು. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಮರುದಿನ ಅವರು ಜಪಮಣಿ ಹಿಡಿದು ಕುಳಿತದ್ದು ಪ್ರಾಯಶ್ಚಿತ್ತಕ್ಕೆಂದು ನಮಗೆ ಗೊತ್ತಾಯಿತು. ಯಾರೂ ಏನೂ ಹೇಳಲಿಲ್ಲ.

ಆ ವಾರ ವೈದ್ಯರ ಬಳಿಗೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ಸಂಜೆ ಎಷ್ಟು ಗಂಟೆಗೆ ಊಟ ಮಾಡುತ್ತಾರೆ ಎಂಬುದು. ಆರಕ್ಕೆ ಮುನ್ನ ಎಂದಾಗ ಅವರು ಪೆನ್ನು ಕೆಳಗಿಟ್ಟರು. ನಾವು ಅದನ್ನು ಎಂದೂ ಹೇಳಿರಲಿಲ್ಲ. ಮದ್ದಿನ ಪ್ರಮಾಣವನ್ನೂ ಸಮಯವನ್ನೂ ಬದಲಿಸಿಕೊಟ್ಟರು. ಅಂಥ ರಾತ್ರಿ ಮತ್ತೆ ಬರಲಿಲ್ಲ. ಅಮ್ಮ ಕೊನೆಯವರೆಗೂ ನಿಯಮ ನಡೆಸಿದರು.

ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮತ್ತಯೋಗ ಎಂಬ ಮಾತನ್ನು ಬಳಸುತ್ತದೆ. ಪ್ರಮಾದದಿಂದ, ಎಚ್ಚರಗೇಡಿತನದಿಂದ ಪ್ರಾಣಕ್ಕೆ ಆಗುವ ಘಾತವೇ ಹಿಂಸೆ. ನಮ್ಮ ಮನೆಯಲ್ಲಿ ಆ ರಾತ್ರಿ ಪ್ರಮಾದವಿದ್ದದ್ದು ಅಮ್ಮನ ವ್ರತದಲ್ಲಿ ಅಲ್ಲ. ವೈದ್ಯರಿಗೆ ಒಂದು ಮಾತು ಹೇಳದ ನಮ್ಮಲ್ಲಿ. ಹುಳುವಿನ ಪ್ರಾಣದ ಬಗ್ಗೆ ಎಚ್ಚರವಿರುವ ಧರ್ಮಕ್ಕೆ ತಾಯಿಯ ಪ್ರಾಣದ ಬಗ್ಗೆ ಎಚ್ಚರ ಬೇಡವೇ?

ಆದ್ದರಿಂದ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ರಾತ್ರಿ ಮದ್ದು ಸೇವಿಸಲೇಬೇಕಾದವರು ವೈದ್ಯರನ್ನು ಕೇಳದೆ ಊಟದ ಹೊತ್ತನ್ನು ಬದಲಿಸಬಾರದು. ವ್ರತವನ್ನು ವೈದ್ಯರ ಮುಂದೆ ಹೇಳಿಕೊಳ್ಳಲು ಸಂಕೋಚವೂ ಬೇಡ. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೇಳುವಾಗ ಶಕ್ತಿಯನ್ನು ಅನುಸರಿಸಿ ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಿದೆ. ಶರೀರವನ್ನು ಕಡೆಗಣಿಸುವುದು ಜೈನ ಮಾರ್ಗವಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಜೇನಿನ ಸ್ಪರ್ಶವಿಲ್ಲದ ಚಿಕಿತ್ಸೆಗಳ ಕಲ್ಯಾಣಕಾರಕ ಎಂಬ ವೈದ್ಯಗ್ರಂಥವನ್ನೇ ರಚಿಸಿದ್ದಾರೆ. ವೈದ್ಯವೂ ವ್ರತವೂ ಒಂದೇ ಮನೆಯಲ್ಲಿ ಬಾಳಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವ್ರತವೋ, ಪಥ್ಯವೋ?

ಇನ್ನು ಎರಡನೆಯ ಪ್ರಶ್ನೆ. ತೂಕಕ್ಕಾಗಿ ಬಿಟ್ಟ ರಾತ್ರಿಯೂಟ ವ್ರತವೇ?

ಶಲ್ಯವಿಲ್ಲದವನೇ ವ್ರತಿ ಎಂಬುದು ಉಮಾಸ್ವಾಮಿಗಳು ಹಾಕಿದ ಗೆರೆ. ಶಲ್ಯವೆಂದರೆ ಒಳಹೊಕ್ಕ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಅದು ಮೂರು ಬಗೆ. ನಿದಾನವೆಂದರೆ ವೈದ್ಯರ ರೋಗನಿದಾನವಲ್ಲ. ವ್ರತಕ್ಕೆ ಪ್ರತಿಯಾಗಿ ಲೌಕಿಕ ಫಲವನ್ನು ಬಯಸುವುದು. ಈ ಅಳತೆಯಿಂದ ನೋಡಿದರೆ, ತಕ್ಕಡಿಯ ಮೇಲೆ ನಿಂತು ಮುಳ್ಳನ್ನೇ ನೋಡುತ್ತಿದ್ದ ನನ್ನ ಒಳಗೂ ಒಂದು ಮುಳ್ಳಿತ್ತು. ಐದು ಕಿಲೋ ಇಳಿದ ಬಳಿಕ ಸಾಕು ಎಂದು ನಿಲ್ಲಿಸುವುದಾದರೆ ನಾನು ಮಾಡಿದ್ದು ಪಥ್ಯ. ತೂಕ ಇಳಿಯದಿದ್ದರೂ ನಡೆಸುವುದಾದರೆ ಅದು ವ್ರತ.

ಈ ಸಂಶಯವನ್ನು ಧರ್ಮಸ್ಥಳದ ಚಂದ್ರನಾಥ ಸ್ವಾಮಿ ಬಸದಿಗೆ ದರ್ಶನಕ್ಕೆ ಹೋಗಿದ್ದಾಗ ಹಿರಿಯ ಶ್ರಾವಕರೊಬ್ಬರ ಮುಂದೆ ತೋಡಿಕೊಂಡೆ. ಅವರು ದೀರ್ಘ ಉತ್ತರ ಕೊಡಲಿಲ್ಲ. ಮಗುವನ್ನು ಮೊದಲ ದಿನ ಶಾಲೆಗೆ ಕಳಿಸಲು ಮಿಠಾಯಿ ಕೊಡುತ್ತೇವಲ್ಲ, ಮೇಷ್ಟರಾದ ನಿಮಗೆ ಅದು ಗೊತ್ತಿರಬೇಕು ಎಂದರಷ್ಟೆ. ಗೊತ್ತಿತ್ತು. ಮಿಠಾಯಿಗೆಂದು ಬಂದ ಮಗು ಒಂದು ದಿನ ಅಕ್ಷರಕ್ಕೆಂದು ಬರತೊಡಗುತ್ತದೆ. ಹಾಗೆ ಬರದಿದ್ದರೆ ಮಿಠಾಯಿ ವ್ಯರ್ಥ. ಮೊದಲ ದಿನವೇ ಅಕ್ಷರಕ್ಕೆಂದು ಬರಲಿ ಎಂದು ಹಟ ಹಿಡಿದರೆ ಶಾಲೆಯೇ ಖಾಲಿ.

ನನ್ನೊಳಗೆ ಬದಲಾವಣೆ ಯಾವ ದಿನ ಆಯಿತೆಂದು ಹೇಳಲಾರೆ. ತೂಕ ನೋಡುವುದನ್ನು ಮರೆತೇ ಎಷ್ಟೋ ವಾರಗಳು ಕಳೆದಿದ್ದವು. ಸಂಜೆ ಊಟ ಮುಗಿಸಿ, ದೀಪ ಹಚ್ಚಿ, ಣಮೋಕಾರ ಜಪಿಸಿ, ಸ್ವಲ್ಪ ಹೊತ್ತು ಗ್ರಂಥ ತೆರೆದು ಕುಳಿತಾಗ ಆ ಎರಡು ಮೂರು ಗಂಟೆ ಎಲ್ಲಿಂದ ಬಂತೆಂದು ಆಶ್ಚರ್ಯವಾಗುತ್ತಿತ್ತು. ಮೊದಲು ಆ ಹೊತ್ತನ್ನು ಊಟದ ಕಾಯುವಿಕೆ, ಟಿ.ವಿ., ಕುರುಕಲು, ಮತ್ತೆ ಪಾತ್ರೆ ತೊಳೆಯುವ ಕೆಲಸ ತಿನ್ನುತ್ತಿದ್ದವು. ಏಳು ಗಂಟೆಗೇ ಅಡುಗೆಮನೆಯ ದೀಪ ಆರಿದ್ದರಿಂದ ಹೆಚ್ಚು ಲಾಭವಾದದ್ದು ನನ್ನ ಪತ್ನಿಗೆ ಎಂಬುದನ್ನೂ ಸೇರಿಸಬೇಕು.

ಮೆಟ್ಟಿಲು ಮೆಟ್ಟಿಲಾಗಿ

ಉಜಿರೆಯಿಂದಲೋ ಮೂಡುಬಿದಿರೆಯಿಂದಲೋ ಸಂಜೆಯ ಬಸ್ಸಿನಲ್ಲಿ ಮನೆ ಸೇರುವಾಗಲೇ ಕತ್ತಲಾಗುವ ವಿದ್ಯಾರ್ಥಿಗಳು, ಉದ್ಯೋಗಿಗಳು ಏನು ಮಾಡಬೇಕು? ಒಮ್ಮೆಗೇ ಆರನೆಯ ಪ್ರತಿಮೆಗೆ ನೆಗೆಯಬೇಕಿಲ್ಲ. ತಿಂಗಳಲ್ಲಿ ಎರಡು ಅಷ್ಟಮಿ, ಎರಡು ಚತುರ್ದಶಿ. ಆ ನಾಲ್ಕು ದಿನ ಮೊದಲು ಹಿಡಿಯಬಹುದು. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ, ಅಲ್ಲಿಂದ ಚಾತುರ್ಮಾಸದ ನಾಲ್ಕು ತಿಂಗಳು, ಹೀಗೆ ವಿಸ್ತರಿಸಬಹುದು. ಸಂಜೆಯ ಬುತ್ತಿಯೊಂದನ್ನು ಜೊತೆಗೆ ಒಯ್ದರೆ ಕಚೇರಿಯಲ್ಲಿಯೇ ಐದೂವರೆಗೆ ಊಟ ಮುಗಿಯುತ್ತದೆ. ಅದೂ ಆಗದವರು ರಾತ್ರಿ ಅನ್ನವನ್ನಾದರೂ, ಕರಿದದ್ದನ್ನಾದರೂ ಬಿಡುವ ನಿಯಮ ಹಿಡಿಯಲಿ. ಸಣ್ಣ ನಿಯಮ ಮುರಿಯದೆ ನಡೆದರೆ ಮುರಿದುಬಿದ್ದ ದೊಡ್ಡ ನಿಯಮಕ್ಕಿಂತ ಮೇಲು.

ನಮ್ಮ ಕರಾವಳಿಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು 6 ಗಂಟೆಗೆ, ಜೂನ್ ಕೊನೆಗೆ ಸುಮಾರು 7 ಗಂಟೆಗೆ ಮುಳುಗುತ್ತಾನೆ. ಒಂದು ಮುಹೂರ್ತ, ಅಂದರೆ ಎರಡು ಘಳಿಗೆ, 48 ನಿಮಿಷ ಮೊದಲೇ ಕೈ ತೊಳೆಯುವುದು ಉತ್ತಮವೆಂದು ಹಿರಿಯರು ಹೇಳುತ್ತಾರೆ. ಮೋಡ ಕವಿದ ಮಳೆಗಾಲದಲ್ಲಿ ಸೂರ್ಯ ಕಾಣದಾಗ ಪಂಚಾಂಗ ನೋಡಿ ನಡೆದರಾಯಿತು.

ರಾತ್ರಿಯ ಆರತಕ್ಷತೆ, ಗೃಹಪ್ರವೇಶಗಳಲ್ಲಿ ಊಟ ಒಲ್ಲೆನೆಂದರೆ ಮನೆಯವರು ನೊಂದುಕೊಳ್ಳುತ್ತಾರೆ. ಮೊದಲೇ ಹೋಗಿ, ಶುಭ ಹಾರೈಸಿ, ನಿಯಮವನ್ನು ನಗುತ್ತಲೇ ತಿಳಿಸಿದರೆ ಯಾರೂ ಬೇಸರಿಸುವುದಿಲ್ಲ. ಸೋಮವಾರ, ಶನಿವಾರ ಒಪ್ಪೊತ್ತು ಮಾಡುವ, ಏಕಾದಶಿಯಂದು ಉಪವಾಸ ಇರುವ ನೆರೆಹೊರೆ ನಮ್ಮದು. ವೈದ್ಯನಾಥೇಶ್ವರನ ಹೆಸರಿನಲ್ಲಿ ನಡೆದುಕೊಳ್ಳುವ ಕೊಕ್ಕಡದ ಜನಕ್ಕೆ ನಾಲಗೆಯ ಸಂಯಮದ ಭಾಷೆ ಹೊಸದಲ್ಲ. ನಿಯಮದ ಹೆಸರಿನಲ್ಲಿ ಇನ್ನೊಬ್ಬರ ತಟ್ಟೆಯನ್ನು ನೋಡಿ ಮುಖ ಸಿಂಡರಿಸುವುದನ್ನು ಮಾತ್ರ ನಾವು ಬಿಡಬೇಕು. ಆ ಮಾನಕಷಾಯ ರಾತ್ರಿಯ ಊಟಕ್ಕಿಂತ ಭಾರ.

ಇಷ್ಟು ಬರೆಯುವ ಮುನ್ನ ಆ ಹಳೆಯ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. ಅಂದು ಪೇಟೆಯಲ್ಲಿ ನಾನು ಹೌದೆಂದದ್ದು ನನ್ನ ಮಟ್ಟಿಗೆ ಸುಳ್ಳಾಗಿತ್ತು, ಆ ದಿನಗಳಲ್ಲಿ ನಾನು ಒಂಬತ್ತಕ್ಕೆ ಉಣ್ಣುತ್ತಿದ್ದೆ ಎಂದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಅವನು ಕೇಳಿದ: “ಈಗ ಎಷ್ಟು ಗಂಟೆಗೆ ಮಾಷ್ಟ್ರೇ?”

“ಈಗಷ್ಟೇ ಆಯಿತು” ಎಂದೆ. ಹೊರಗೆ ಅಡಿಕೆ ಮರಗಳ ತಲೆಯ ಮೇಲೆ ಇನ್ನೂ ಬಿಸಿಲಿತ್ತು.